ಕಾಲು ಒಂದು ಕಡೆ, ಗುಂಡು ಇನ್ನೊಂದು ಕಡೆ: ರೋಬೋಟ್ರಾನ್ 2084 ಆಡುವ ಬಗೆ

(ಉಪನ್ಯಾಸದ ಬರಹ ರೂಪ)

ರೋಬೋಟ್ರಾನ್ 2084 ಎಂಬುದು ಹಳೆಯ ಆರ್ಕೇಡ್ ವಿಡಿಯೋ ಗೇಮ್. ಅದರ ಕ್ಯಾಬಿನೆಟ್, ಅಂದರೆ ನಿಂತು ಆಡುವ ಯಂತ್ರದ ಪೆಟ್ಟಿಗೆ, ಅದರ ಮುಂದೆ ಮೊದಲ ಸಲ ನಿಂತವರು ಹುಡುಕುವುದು ಗುಂಡು ಹಾರಿಸುವ ಫೈರ್ ಬಟನ್ನನ್ನು. ಅದು ಇಲ್ಲ. ಒಬ್ಬರ ಆಟಕ್ಕೊಂದು, ಇಬ್ಬರ ಆಟಕ್ಕೊಂದು ಸ್ಟಾರ್ಟ್ ಬಟನ್ ಇವೆ, ಅಷ್ಟೇ. ಉಳಿದದ್ದೆಲ್ಲ ಎರಡು ಜಾಯ್‌ಸ್ಟಿಕ್‌ಗಳ ಕೆಲಸ. ಎಡಗೈಯದು ನಿಮ್ಮ ಆಳನ್ನು ಎಂಟು ದಿಕ್ಕಿಗೆ ನಡೆಸುತ್ತದೆ, ಬಲಗೈಯದು ಎಂಟು ದಿಕ್ಕಿಗೆ ಗುಂಡು ಹಾರಿಸುತ್ತದೆ. ಇವೆರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಇಡೀ ಆಟದ ಕಷ್ಟ, ಸೊಗಸು ಎರಡೂ ಇಷ್ಟರಲ್ಲೇ ಇದೆ.

ಕಬಡ್ಡಿಯ ರೈಡರ್‌ನನ್ನು ನೆನೆಸಿಕೊಳ್ಳಿ. ಕೈ ಎದುರಾಳಿಯತ್ತ ಚಾಚಿರುತ್ತದೆ, ಕಾಲು ಆಗಲೇ ಮಧ್ಯದ ಗೆರೆಯತ್ತ ಸರಿಯುತ್ತಿರುತ್ತದೆ. ಕೈ ಹೋದ ಕಡೆಗೇ ಮೈಯೂ ಹೋದರೆ ಹಿಡಿತಕ್ಕೆ ಸಿಕ್ಕಿದ ಹಾಗೆಯೇ. ರೋಬೋಟ್ರಾನ್ ಆಡಲು ಕೂತ ಹೊಸಬರು ಮೊದಲ ವಾರ ಮಾಡುವ ತಪ್ಪು ಇದೇ: ಯಾವ ಕಡೆ ಗುಂಡು ಹೊಡೆಯುತ್ತಾರೋ ಆ ಕಡೆಗೇ ನಡೆಯುತ್ತಾರೆ.

ಆಟ ಬಂದದ್ದು 1982ರಲ್ಲಿ, ಶಿಕಾಗೋದ ವಿಲಿಯಮ್ಸ್ ಎಲೆಕ್ಟ್ರಾನಿಕ್ಸ್‌ನಿಂದ. ರೂಪಿಸಿದವರು ಯೂಜೀನ್ ಜಾರ್ವಿಸ್ ಮತ್ತು ಲ್ಯಾರಿ ಡಿಮಾರ್. ಅವರ ಪುಟ್ಟ ಕಂಪನಿಯ ಹೆಸರು ವಿಡ್ ಕಿಡ್ಜ್. ಜಾರ್ವಿಸ್ ಅದಕ್ಕೆ ಮುಂಚೆ ಮಾಡಿದ್ದ ಡಿಫೆಂಡರ್ ಎಂಬ ಆಟದಲ್ಲಿ ಒಂದು ಜಾಯ್‌ಸ್ಟಿಕ್, ಐದು ಬಟನ್ ಇದ್ದವು. ಅಲ್ಲಿಂದ ಬಟನ್ನೇ ಇಲ್ಲದ ಆಟಕ್ಕೆ ಬರಲು ಎರಡು ಕಾರಣ. ಮೊದಲನೆಯದು, ಸ್ಟರ್ನ್ ಕಂಪನಿಯ ಬರ್ಜರ್ಕ್ ಎಂಬ 1980ರ ಆಟದಲ್ಲಿ ನಡೆಯುವುದಕ್ಕೂ ಗುರಿಯಿಡುವುದಕ್ಕೂ ಒಂದೇ ಜಾಯ್‌ಸ್ಟಿಕ್. ಹಾಗಾಗಿ ಓಡುತ್ತಲೇ ಹಿಂದಕ್ಕೆ ಹೊಡೆಯುವಂತಿರಲಿಲ್ಲ. ಎರಡನೆಯದು, ಜಾರ್ವಿಸ್‌ಗೆ ಕಾರು ಅಪಘಾತದಲ್ಲಿ ಕೈಗೆ ಪೆಟ್ಟಾಗಿ, ಕಟ್ಟು ಹಾಕಿದ ಕೈಯಲ್ಲಿ ಜಾಯ್‌ಸ್ಟಿಕ್ಕೂ ಬಟನ್ನೂ ಒಟ್ಟಿಗೆ ಆಡಿಸಲು ಆಗದೆ ಹೋದದ್ದು. ಎರಡು ಜಾಯ್‌ಸ್ಟಿಕ್ಕಿನ ಯೋಚನೆ ಅಲ್ಲಿ ಹುಟ್ಟಿತು.

ಇನ್ನೊಂದು ಸಂಗತಿ ಅಷ್ಟಾಗಿ ಯಾರೂ ಹೇಳುವುದಿಲ್ಲ, ಆದರೆ ಆಡುವವರಿಗೆ ಅದೇ ಹೆಚ್ಚು ಉಪಯೋಗದ್ದು. ಮೊದಲ ಕಲ್ಪನೆಯಲ್ಲಿ ಗುಂಡೇ ಇರಲಿಲ್ಲ. ಬೆನ್ನಟ್ಟಿ ಬರುವ ರೋಬೋಟ್‌ಗಳನ್ನು ಅಡ್ಡಾಡಿಸಿ, ಮಧ್ಯೆ ನಿಂತ ಅಪಾಯದ ಕಂಬಗಳಿಗೆ ಡಿಕ್ಕಿ ಹೊಡೆಸುವುದಷ್ಟೇ ಆಟ. ಬೇಸರ ಬರಿಸುತ್ತದೆಂದು ಅದನ್ನು ಬಿಟ್ಟು ಗುಂಡು ಸೇರಿಸಿದರು. ಆದರೆ ಹಳೆಯ ಎಲುಬುಗೂಡು ಒಳಗೆ ಹಾಗೇ ಉಳಿದಿದೆ. ಇವತ್ತಿಗೂ ಇದು ಮೊದಲು ನಡಿಗೆಯ ಆಟ. ಗುಂಡು ಇರುವುದು ನಡೆಯಲು ಜಾಗ ಮಾಡಿಕೊಳ್ಳಲಿಕ್ಕೆ.

ಈಗ ಸ್ಕ್ರೀನ್ ನೋಡೋಣ. ಕಪ್ಪು ನೆಲ, ಸುತ್ತ ಒಂದು ಚೌಕಟ್ಟು, ಒಳಗೆ ಗೋಡೆಯಿಲ್ಲ, ಅವಿತುಕೊಳ್ಳಲು ಮರೆಯಿಲ್ಲ. ಮೇಲಿನಿಂದ ನೋಡುತ್ತಿದ್ದೀರಿ, ಎಲ್ಲವೂ ಒಂದೇ ಸ್ಕ್ರೀನಿನಲ್ಲಿ ಕಾಣುತ್ತದೆ. ಕಥೆ ಒಂದೇ ಸಾಲಿನದು: 2084ನೇ ಇಸವಿ, ಮನುಷ್ಯರು ಕೆಲಸಕ್ಕೆ ಬಾರದವರೆಂದು ರೋಬೋಟ್‌ಗಳು ತೀರ್ಮಾನಿಸಿವೆ, ಉಳಿದ ಕೊನೆಯ ಸಂಸಾರವನ್ನು ನೀವು ಉಳಿಸಬೇಕು. ಇಲ್ಲಿ ಲೆವೆಲ್‌ಗೆ ವೇವ್ ಎನ್ನುತ್ತಾರೆ. ಪ್ರತಿ ವೇವ್ ಶುರುವಾದಾಗ ನೀವು ನಟ್ಟನಡುವೆ, ವೈರಿಗಳು ಸುತ್ತ. ಅಭಿಮನ್ಯುವಿಗೆ ಒಳಗೆ ನುಗ್ಗುವುದಾದರೂ ಗೊತ್ತಿತ್ತು; ಇಲ್ಲಿ ಚಕ್ರವ್ಯೂಹದ ಒಳಗೇ ಇಟ್ಟು ಆಟ ಶುರು ಮಾಡುತ್ತಾರೆ. ಹೊರಬರುವ ದಾರಿ ಕಲಿತರೆ ಅರ್ಧ ಆಟ ಬಂತು.

ವೈರಿಗಳ ಪರಿಚಯ. ಗ್ರಂಟ್ ಎಂಬುದು ಸಾಮಾನ್ಯ ಕಾಲಾಳು, 100 ಪಾಯಿಂಟ್. ಸೀದಾ ನಿಮ್ಮತ್ತ ಬರುತ್ತದೆ, ಗುಂಡು ಹಾರಿಸುವುದಿಲ್ಲ, ಆದರೆ ವೇವ್ ಎಳೆದಷ್ಟೂ ಅದರ ಓಟ ಜೋರಾಗುತ್ತದೆ. ಎಲೆಕ್ಟ್ರೋಡ್ ನಿಂತಲ್ಲೇ ಇರುವ ಕಂಬ. ನೀವು ತಾಗಿದರೂ ಸಾವು, ಗ್ರಂಟ್ ತಾಗಿದರೂ ಅದಕ್ಕೆ ಸಾವು. ಹೊಡೆದು ಅಳಿಸಬಹುದು, ಪಾಯಿಂಟ್ ಸಿಗದು. ಹಲ್ಕ್ ಹಸಿರು ದಾಂಡಿಗ. ಎಷ್ಟು ಹೊಡೆದರೂ ಸಾಯುವುದಿಲ್ಲ, ಗುಂಡು ಬಿದ್ದಾಗ ಸ್ವಲ್ಪ ಹಿಂದೆ ಸರಿಯುತ್ತದೆ. ಇದು ಮನುಷ್ಯರನ್ನು ತುಳಿದು ಕೊಲ್ಲುತ್ತದೆ. ಸ್ಫೆರಾಯ್ಡ್ ಮಿಡಿಯುವ ಕೆಂಪು ಉಂಗುರ, 1,000 ಪಾಯಿಂಟ್. ತಾನೇನೂ ಗುಂಡು ಹಾರಿಸದು, ಆದರೆ ಎನ್‌ಫೋರ್ಸರ್‌ಗಳನ್ನು ಈದು ಬಿಟ್ಟು ಮಾಯವಾಗುತ್ತದೆ. ಎನ್‌ಫೋರ್ಸರ್ 150 ಪಾಯಿಂಟಿನದು, ತೇಲುತ್ತ ಬಂದು ಕಿಡಿ ಎಸೆಯುತ್ತದೆ. ಕ್ವಾರ್ಕ್ ಕೂಡ 1,000ದ್ದೇ; ಅದು ಹುಟ್ಟಿಸುವುದು ಟ್ಯಾಂಕ್, 200 ಪಾಯಿಂಟ್, ಅದರ ಗುಂಡು ಗೋಡೆಗೆ ಬಡಿದು ಪುಟಿದು ಬರುತ್ತದೆ. ಕೊನೆಗೆ ಬ್ರೇನ್, 500. ಮನುಷ್ಯರನ್ನು ಹಿಡಿದು ಪ್ರಾಗ್ ಎಂಬ ಓಡುವ ಪಿಶಾಚಿಯಾಗಿ ಬದಲಿಸುತ್ತದೆ, ಜೊತೆಗೆ ಹಾವಿನಂತೆ ಹೊರಳಿ ಅಟ್ಟಿಸಿಕೊಂಡು ಬರುವ ಕ್ರೂಸ್ ಮಿಸೈಲ್ ಬಿಡುತ್ತದೆ.

ವೇವ್ ಮುಗಿಯಲು ಹಲ್ಕ್ ಮತ್ತು ಎಲೆಕ್ಟ್ರೋಡ್ ಬಿಟ್ಟು ಉಳಿದೆಲ್ಲ ವೈರಿಗಳು ಹೋಗಬೇಕು.

ಗುರಿಯಿಡುವ ವಿಷಯ. ಗುಂಡು ಹೋಗುವುದು ಎಂಟೇ ದಿಕ್ಕಿಗೆ, ಅಂದರೆ 45 ಡಿಗ್ರಿಗೊಂದು ಗೆರೆ. ಎರಡು ಗೆರೆಗಳ ನಡುವೆ ನಿಂತ ವೈರಿಗೆ ನೀವು ಎಷ್ಟು ಹೊಡೆದರೂ ತಾಗುವುದಿಲ್ಲ. ಹಾಗಾದರೆ ಏನು ಮಾಡಬೇಕು? ಬಲಗೈಯಿಂದ ಮಾಡುವಂಥದ್ದು ಏನೂ ಇಲ್ಲ. ಎಡಗೈಯಿಂದ ಒಂದೆರಡು ಹೆಜ್ಜೆ ಸರಿದು ಆ ವೈರಿಯನ್ನು ನಿಮ್ಮ ಎಂಟು ಗೆರೆಗಳಲ್ಲಿ ಒಂದರ ಮೇಲೆ ತಂದುಕೊಳ್ಳಬೇಕು. ಗುರಿ ಎಡಗೈಯಲ್ಲಿದೆ, ಟ್ರಿಗರ್ ಬಲಗೈಯಲ್ಲಿದೆ. ಗ್ರಂಟ್ ನಿಮ್ಮತ್ತಲೇ ಬರುವುದರಿಂದ ತಾನಾಗಿ ಗೆರೆಗೆ ಬೀಳುತ್ತದೆ. ಸ್ಫೆರಾಯ್ಡ್ ಅಂಚಿನಲ್ಲಿ ತನ್ನ ಪಾಡಿಗೆ ತೇಲುತ್ತಿರುತ್ತದೆ, ಅದಕ್ಕೆ ಗೆರೆ ನೀವೇ ಹೂಡಬೇಕು. ದೂರದಿಂದ ಸ್ಫೆರಾಯ್ಡ್‌ಗೆ ಗುಂಡಿನ ಮಳೆ ಸುರಿಸಿ ಒಂದೂ ತಾಗಲಿಲ್ಲ ಎಂದು ಪೇಚಾಡುವವರು ಈ ಲೆಕ್ಕ ಮರೆತಿರುತ್ತಾರೆ.

ವೇವ್ ಶುರುವಾಗುವ ಕ್ಷಣದಿಂದ ಹೊರಡೋಣ. ರೋಬೋಟ್‌ಗಳು ಸ್ಕ್ರೀನಿನ ಮೇಲೆ ಮೂಡಿಬರುವ ಆ ಅರೆಗಳಿಗೆಯಲ್ಲಿ ಎರಡೇ ವಿಷಯ ಗಮನಿಸಿ: ಎಲ್ಲಿ ಗುಂಪು ತೆಳ್ಳಗಿದೆ, ಅಂಚಿನಲ್ಲಿ ಉಂಗುರಗಳು ಎಲ್ಲಿವೆ. ತೆಳ್ಳಗಿರುವ ಕಡೆಗೆ ನಡೆಯಿರಿ, ಆ ಕಡೆಗೇ ಹೊಡೆಯಿರಿ. ನಡಿಗೆ ಮತ್ತು ಗುಂಡು ಒಂದೇ ದಿಕ್ಕಿಗಿರಬೇಕಾದ ಕೆಲವೇ ಸಂದರ್ಭಗಳಲ್ಲಿ ಇದೊಂದು. ದಾರಿಯಲ್ಲಿ ಎಲೆಕ್ಟ್ರೋಡ್ ಇದ್ದರೆ ಅದನ್ನೂ ಹೊಡೆದು ಅಳಿಸಿ. ಅಡ್ಡ ಸುತ್ತಲು ಹೋಗಿ ಸತ್ತವರೇ ಜಾಸ್ತಿ. ಗೋಡೆ ಹತ್ತಿರ ಬಂದ ಕೂಡಲೇ ತಿರುಗಿ, ಗೋಡೆಗೆ ಸಮಾನಾಂತರವಾಗಿ ಸುತ್ತು ಹಾಕಿ. ಆಗ ಸುತ್ತಲೂ ಇದ್ದ ಗ್ರಂಟ್‌ಗಳೆಲ್ಲ ನಿಮ್ಮ ಬೆನ್ನ ಹಿಂದೆ, ಒಂದೇ ಕಡೆ, ಕುರಿ ಹಿಂಡಿನ ಹಾಗೆ ಸೇರಿಕೊಳ್ಳುತ್ತವೆ. ಈಗ ಕಾಲು ಮುಂದಕ್ಕೆ, ಗುಂಡು ಹಿಂದಕ್ಕೆ. ಹಿಂಡು ದಟ್ಟವಾಗಿದ್ದಷ್ಟೂ ಗುಂಡು ವ್ಯರ್ಥವಾಗುವುದಿಲ್ಲ.

ಮೂಲೆಗೆ ಮಾತ್ರ ಹೋಗಬೇಡಿ. ಎರಡು ಕಡೆಯ ಭಯ ಇಲ್ಲ ಎಂದು ಮೂಲೆ ಸುರಕ್ಷಿತ ಅನ್ನಿಸುತ್ತದೆ. ಗ್ರಂಟ್ ಮಾತ್ರ ಇದ್ದರೆ ಹೌದು. ಎನ್‌ಫೋರ್ಸರ್‌ನ ಕಿಡಿಗಳು ಗೋಡೆಗುಂಟ ಜಾರಿ ಬರುತ್ತವೆ. ಮೂಲೆಯಲ್ಲಿ ಎರಡು ಗೋಡೆ ಸೇರುವಲ್ಲಿ ನಿಂತವರಿಗೆ ಅವು ಎರಡು ಕಡೆಯಿಂದ ತಲುಪುತ್ತವೆ, ಸರಿಯಲು ಜಾಗವಿಲ್ಲ.

ಯಾವುದನ್ನು ಮೊದಲು ಹೊಡೆಯಬೇಕು ಎಂಬುದಕ್ಕೆ ಉತ್ತರ ಹೆಚ್ಚುಕಮ್ಮಿ ಯಾವಾಗಲೂ ಒಂದೇ: ಮರಿ ಹಾಕುವುದನ್ನು. ಒಂದು ಸ್ಫೆರಾಯ್ಡನ್ನು ಹುಟ್ಟಿಸುವ ಮೊದಲೇ ಹೊಡೆದರೆ 1,000 ಪಾಯಿಂಟೂ ಬಂತು, ಹಲವು ಎನ್‌ಫೋರ್ಸರ್‌ಗಳ ಕಾಟವೂ ತಪ್ಪಿತು. 2ನೇ ವೇವ್‌ನಲ್ಲಿ ಸ್ಫೆರಾಯ್ಡ್ ಒಂದೇ. 3ರಲ್ಲಿ ಮೂರು, 4ರಲ್ಲಿ ನಾಲ್ಕು. 4ನೇ ವೇವ್‌ನಲ್ಲಿ ಪ್ರಾಣ ಕಳಕೊಳ್ಳುವವರು ಅಲ್ಲಿನ 34 ಗ್ರಂಟ್‌ಗಳೇ ಕಾರಣ ಅಂದುಕೊಳ್ಳುತ್ತಾರೆ. ಗ್ರಂಟ್ ಜೊತೆ ಹೆಣಗುತ್ತಿದ್ದಾಗ ಮೂಲೆಯಲ್ಲಿ ಸದ್ದಿಲ್ಲದೆ ಮರಿ ಹಾಕಿ ಹೋದ ಉಂಗುರಗಳೇ ನಿಜವಾದ ಕಾರಣ.

ಪಾಯಿಂಟ್ ಲೆಕ್ಕ ಹಾಕಿದರೆ ಈ ಆಟದ ಇನ್ನೊಂದು ಮುಖ ಕಾಣುತ್ತದೆ. ಅಮ್ಮ, ಅಪ್ಪ, ಮಗ ಮೈಕಿ, ಈ ಮೂರು ಬಗೆಯ ಮನುಷ್ಯರು ಸ್ಕ್ರೀನಿನಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುತ್ತಿರುತ್ತಾರೆ. ನಿಮ್ಮ ಗುಂಡು ಅವರಿಗೆ ತಾಗುವುದಿಲ್ಲ. ಹೋಗಿ ಮುಟ್ಟಿದರೆ ಸಾಕು, ಉಳಿಸಿದಂತೆ. ಒಂದು ವೇವ್‌ನಲ್ಲಿ ಮೊದಲನೆಯವರಿಗೆ 1,000, ಎರಡನೆಯವರಿಗೆ 2,000, ಹೀಗೆ ಐದನೆಯವರಿಗೆ 5,000. ಆಮೇಲೆ ಪ್ರತಿಯೊಬ್ಬರಿಗೂ 5,000. ನೀವು ಸತ್ತರೆ, ಇಲ್ಲವೇ ವೇವ್ ಬದಲಾದರೆ ಮತ್ತೆ 1,000ದಿಂದ ಎಣಿಕೆ. 1ನೇ ವೇವ್‌ನಲ್ಲಿ 15 ಗ್ರಂಟ್ ಕೊಂದರೆ ಸಿಗುವುದು 1,500. ಅಲ್ಲಿರುವ ಇಬ್ಬರು ಮನುಷ್ಯರನ್ನು ಮುಟ್ಟಿದರೆ 3,000. ಕಾರ್ಖಾನೆಯ ಸೆಟ್ಟಿಂಗ್‌ನಲ್ಲಿ ಪ್ರತಿ 25,000ಕ್ಕೆ ಒಂದು ಹೆಚ್ಚಿನ ಜೀವ. ಹಾಗಾಗಿ ಬದುಕುಳಿಯುವುದಕ್ಕೂ ಮನುಷ್ಯರನ್ನೇ ನೆಚ್ಚಬೇಕು. ಬರೀ ಗ್ರಂಟ್ ಹೊಡೆದು ಒಂದು ಜೀವ ಗಳಿಸಲು 250 ಗ್ರಂಟ್ ಬೇಕು.

ಇದರಿಂದ ಒಂದು ದುರಾಸೆಯೂ ಹುಟ್ಟುತ್ತದೆ. ಗ್ರಂಟ್ ಹಿಂಡಿನ ಆಚೆ ಮೈಕಿ ಓಡಾಡುತ್ತಿದ್ದಾನೆ, ಹೋಗಿ ಮುಟ್ಟೋಣ ಎಂದು ನುಗ್ಗುವುದು. ನುಗ್ಗಬೇಡಿ. ಗ್ರಂಟ್ ಅವನಿಗೆ ಏನೂ ಮಾಡುವುದಿಲ್ಲ. ಅವನ ಹತ್ತಿರ ಹಲ್ಕ್ ಇದೆಯಾ ಎಂದು ಮಾತ್ರ ನೋಡಿ. ಇಲ್ಲದಿದ್ದರೆ ಗೋಡೆಗುಂಟ ಸುತ್ತು ಹಾಕುತ್ತ ಬಂದಾಗ ಅವನು ಸಿಗುತ್ತಾನೆ. ಹಲ್ಕ್ ಹತ್ತಿರವಿದ್ದರೆ ದೂರದಿಂದಲೇ ಹಲ್ಕ್‌ಗೆ ಹೊಡೆಯುತ್ತಿರಿ. ಸಾಯದು, ಆದರೆ ಒಂದೊಂದು ಗುಂಡಿಗೂ ಹಿಂದೆ ಸರಿಯುತ್ತದೆ. ಸಾಯದ ವೈರಿಗೆ ಹೊಡೆಯುವುದು ದಂಡ ಎಂದು ಬಿಟ್ಟುಬಿಡುವವರು ಒಂದು ಒಳ್ಳೆಯ ಉಪಾಯ ಕಳಕೊಳ್ಳುತ್ತಾರೆ.

5ನೇ ವೇವ್ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಆಟಗಾರರು ಜೀವ ಕೂಡಿಡುವುದು ಇಲ್ಲೇ. ಹಲ್ಕ್ ಒಂದೂ ಇಲ್ಲ. 20 ಗ್ರಂಟ್, 15 ಬ್ರೇನ್, ಒಂದು ಸ್ಫೆರಾಯ್ಡ್. ಮನುಷ್ಯರು: 15 ಅಮ್ಮಂದಿರು, ಒಬ್ಬ ಮೈಕಿ. 16 ಮಂದಿಯನ್ನೂ ಒಂದೇ ಜೀವದಲ್ಲಿ ಉಳಿಸಿದರೆ ಮೊದಲ ನಾಲ್ವರಿಗೆ ಒಟ್ಟು 10,000, ಉಳಿದ 12 ಮಂದಿಗೆ 60,000, ಅಂದರೆ 70,000. ಸುಮಾರು ಮೂರು ಜೀವಗಳ ಬೆಲೆ. ಇಲ್ಲಿ ಪ್ರೋಗ್ರಾಮಿನ ಒಂದು ಪ್ರಸಿದ್ಧ ಎಡವಟ್ಟು ನಿಮ್ಮ ನೆರವಿಗಿದೆ: ಬ್ರೇನ್‌ಗಳೆಲ್ಲ ಹತ್ತಿರದ ಅಮ್ಮನನ್ನು ಬಿಟ್ಟು ಮೈಕಿಯ ಹಿಂದೆಯೇ ಬೀಳುತ್ತವೆ. ಮೈಕಿ ಇರುವಷ್ಟು ಹೊತ್ತು ಅಮ್ಮಂದಿರಿಗೆ ಭಯವಿಲ್ಲ. ಆದ್ದರಿಂದ ಅವನನ್ನು ಮೊದಲೇ ಮುಟ್ಟಿ ಎತ್ತಿಕೊಳ್ಳುವುದು ದಡ್ಡತನ. ಮೊದಲು ಗ್ರಂಟ್ ಸುತ್ತುವರಿದದ್ದನ್ನು ಒಡೆದು ಹೊರಬನ್ನಿ. ಮೈಕಿ ಎಲ್ಲಿದ್ದಾನೆಂದು ಗುರುತಿಸಿ, ಅವನತ್ತ ಸಾಲುಗಟ್ಟುವ ಬ್ರೇನ್‌ಗಳನ್ನು ಪಕ್ಕದಿಂದ ಹೊಡೆಯಿರಿ. ಅವುಗಳ ಗಮನ ಅವನ ಮೇಲಿರುತ್ತದೆ, ಮಿಸೈಲ್‌ಗಳ ಗಮನ ಮಾತ್ರ ನಿಮ್ಮ ಮೇಲೆ. ಮಿಸೈಲ್ ಸೊಟ್ಟಸೊಟ್ಟ ಬರುವುದರಿಂದ ಅದಕ್ಕೆ ಬೆನ್ನು ಕೊಟ್ಟು ಓಡುವುದಕ್ಕಿಂತ ಒಂದು ಗೆರೆ ಹಿಡಿದು ಎರಡು ಮೂರು ಗುಂಡು ಬಿಡುವುದು ಮೇಲು. ನಡುನಡುವೆ ಅಮ್ಮಂದಿರನ್ನು ಎತ್ತಿಕೊಳ್ಳುತ್ತ ಹೋಗಿ. ಸಾಮಾನ್ಯವಾಗಿ ಕೆಡುವುದು ಎಲ್ಲಿ ಅಂದರೆ, ಬ್ರೇನ್ ಎಲ್ಲ ಮುಗಿಸಿಬಿಟ್ಟು ಗ್ರಂಟೂ ಉಳಿಯದಿದ್ದರೆ ವೇವ್ ಮುಗಿದೇ ಹೋಗುತ್ತದೆ, ಎತ್ತದೆ ಬಿಟ್ಟ ಅಮ್ಮಂದಿರ 5,000ಗಳು ಅಲ್ಲೇ ಹೋದವು. ಕೊನೆಯ ಒಂದು ಗ್ರಂಟನ್ನು ಬದುಕಲು ಬಿಟ್ಟು ಎಲ್ಲರನ್ನೂ ಕೂಡಿಸಿಕೊಳ್ಳಿ. ಆದರೆ ತುಂಬ ಹೊತ್ತು ಬೇಡ, ಗ್ರಂಟ್ ವೇಗ ಏರುತ್ತಿರುತ್ತದೆ ಎಂಬುದು ನೆನಪಿರಲಿ.

7ನೇ ವೇವ್‌ನಲ್ಲಿ ಗ್ರಂಟೂ ಇಲ್ಲ, ಎಲೆಕ್ಟ್ರೋಡೂ ಇಲ್ಲ. 10 ಕ್ವಾರ್ಕ್, 12 ಹಲ್ಕ್, 12 ಮನುಷ್ಯರು. ಮೊದಲ ಸಲ ಬಂದವರಿಗೆ ನಿರಾಳ ಅನ್ನಿಸುತ್ತದೆ, ಹತ್ತು ಸೆಕೆಂಡಿನಲ್ಲಿ ಟ್ಯಾಂಕ್ ತುಂಬಿಕೊಳ್ಳುತ್ತವೆ. ಇಲ್ಲಿ ಮನುಷ್ಯರನ್ನು ಮರೆತು ಕ್ವಾರ್ಕ್ ಬೇಟೆಗೆ ಹೊರಡಬೇಕು, ನಿಂತಲ್ಲಿ ನಿಲ್ಲದೆ. ಟ್ಯಾಂಕ್ ಗುಂಡು ಪುಟಿಯುವುದರಿಂದ ಗೋಡೆಗುಂಟ ನಡೆಯುವ ಹಳೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ; ಗೋಡೆಯಿಂದ ಸ್ವಲ್ಪ ಒಳಗೇ ಇರಿ. 9ನೆಯದು ಇದಕ್ಕೆ ತದ್ವಿರುದ್ಧ: 60 ಗ್ರಂಟ್, ಒಂದೂ ಎಲೆಕ್ಟ್ರೋಡ್ ಇಲ್ಲ. ಮೇಲೆ ಹೇಳಿದ ಚಕ್ರವ್ಯೂಹ ಒಡೆಯುವ ವಿದ್ಯೆಗೆ ಇದೇ ಪರೀಕ್ಷೆ. ಎಲ್ಲ ದಿಕ್ಕಿಗೂ ಒಂದೊಂದು ಗುಂಡು ಹಂಚಿದರೆ ಯಾವ ದಿಕ್ಕೂ ತೆರೆಯುವುದಿಲ್ಲ. ಒಂದು ದಿಕ್ಕು ಆರಿಸಿ, ಅಲ್ಲೇ ಸುರಿಯಿರಿ, ಹೊರಬಂದ ಮೇಲೆ ತಿರುಗಿ ನೋಡಿ.

ಇಷ್ಟೆಲ್ಲ ಒಂದೇ ಸಲ ಓಡಾಡುವುದು 1982ರ ಯಂತ್ರದಲ್ಲಿ ಹೇಗೆ ಸಾಧ್ಯವಾಯಿತು? ಒಳಗಿರುವುದು 1 ಮೆಗಾಹರ್ಟ್ಸ್‌ನಲ್ಲಿ ಓಡುವ ಮೋಟರೋಲಾ 6809 ಪ್ರೊಸೆಸರ್. ಸ್ಕ್ರೀನಿನಲ್ಲಿ 16 ಬಣ್ಣ, ಒಂದು ಬೈಟ್‌ಗೆ ಎರಡು ಪಿಕ್ಸೆಲ್. ಆ ಪ್ರೊಸೆಸರ್ ಒಂದೇ 60 ಗ್ರಂಟ್‌ಗಳನ್ನು ಎಳೆದು ಕೂರಿಸಲಾರದು. ಅದಕ್ಕೆ ವಿಲಿಯಮ್ಸ್‌ನವರು ಬ್ಲಿಟರ್ ಎಂಬ ಎರಡು ವಿಶೇಷ ಚಿಪ್ ಮಾಡಿಸಿದರು. ಚಿತ್ರ ಎಲ್ಲಿದೆ, ಎಲ್ಲಿಗೆ ಹೋಗಬೇಕು, ಎಷ್ಟು ಅಗಲ ಎತ್ತರ ಎಂದು ಹೇಳಿದರೆ ಸಾಕು, ಪ್ರೊಸೆಸರನ್ನು ತಡೆದು ನಿಲ್ಲಿಸಿ ಚಿಪ್ ತಾನೇ ನಕಲು ಮಾಡುತ್ತದೆ. ಮೊದಲ ಆವೃತ್ತಿಯ ಚಿಪ್‌ನಲ್ಲಿ ಒಂದು ದೋಷ ಉಳಿದುಬಿಟ್ಟಿತ್ತು: ಅಗಲ ಎತ್ತರದ ಸಂಖ್ಯೆಗಳಲ್ಲಿ 4ರ ಬೆಲೆಯ ಬಿಟ್, ಅಂದರೆ 0 ಅಥವಾ 1 ಆಗಿರುವ ಒಂದು ಅಂಕಿ, ತಲೆಕೆಳಗಾಗುತ್ತಿತ್ತು. ಚಿಪ್ ಬದಲಿಸುವ ಬದಲು ಪ್ರೋಗ್ರಾಮಿನಲ್ಲೇ ಆ ಬಿಟ್ಟನ್ನು ಮುಂಚಿತವಾಗಿ ತಲೆಕೆಳಗು ಮಾಡಿ ಕೊಟ್ಟರು. ಹಳೆಯ ಯಂತ್ರದ ಸರ್ಕ್ಯೂಟ್ ಬೋರ್ಡ್ ಇಟ್ಟುಕೊಂಡವರಿಗೆ ಇದಕ್ಕಿಂತ ಮುಖ್ಯ ಮಾತು ಬ್ಯಾಟರಿಯದು. ಸೆಟ್ಟಿಂಗ್ ಮತ್ತು ಸ್ಕೋರ್ ನೆನಪಿಡಲು ಬೋರ್ಡಿನಲ್ಲೇ ಮೂರು ಡಬಲ್-ಎ ಸೆಲ್‌ಗಳಿವೆ. ವರ್ಷಗಟ್ಟಲೆ ಬಿಟ್ಟರೆ ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತವೆ. ಅವನ್ನು ತೆಗೆದು, ವೈರ್ ಎಳೆದು ಬೋರ್ಡಿನಿಂದ ದೂರ ಇಡುವುದು ಮೊದಲ ಕೆಲಸ.

ಅಸಲಿ ಕ್ಯಾಬಿನೆಟ್ ಸಿಗುವುದು ಅಪರೂಪ. ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ 2012ರಲ್ಲಿ ಬಂದ ಮಿಡ್‌ವೇ ಆರ್ಕೇಡ್ ಒರಿಜಿನ್ಸ್ ಸಂಗ್ರಹದಲ್ಲಿ ಈ ಆಟ ಇದೆ. ಗೇಮ್‌ಪ್ಯಾಡ್‌ನ ಎರಡು ಪುಟ್ಟ ಸ್ಟಿಕ್‌ಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ, ಒಂದು ತೊಡಕು ಬಿಟ್ಟು: ಹೆಬ್ಬೆರಳು ನೇರ ಮೇಲೆ ತಳ್ಳುತ್ತೇನೆಂದುಕೊಂಡರೂ ಕೊಂಚ ಓರೆಯಾಗುತ್ತದೆ, ಗುಂಡು ಕರ್ಣಕ್ಕೆ ಹೋಗುತ್ತದೆ. ಸ್ಟಿಕ್ಕನ್ನು ಅಂಚಿನವರೆಗೆ ಪೂರ್ತಿ ತಳ್ಳುವುದು, ದಿಕ್ಕು ಬದಲಿಸುವಾಗ ಅಂಚಿನಗುಂಟ ಉಜ್ಜಿಕೊಂಡು ಹೋಗದೆ ನಡುವಿಗೆ ತಂದು ಮತ್ತೆ ತಳ್ಳುವುದು, ಈ ಎರಡು ಅಭ್ಯಾಸದಿಂದ ಬಹಳಷ್ಟು ಸರಿಹೋಗುತ್ತದೆ. ಎರಡು ಬಿಡಿ ಜಾಯ್‌ಸ್ಟಿಕ್ ಬಳಸುವವರು ಅವನ್ನು ಹಲಗೆಗೆ ಬಿಗಿಯಾಗಿ ಸ್ಕ್ರೂ ಮಾಡಲೇಬೇಕು. ಅಟಾರಿ 5200ರ ಆವೃತ್ತಿಯ ಜೊತೆ ಎರಡು ಕಂಟ್ರೋಲರ್‌ಗಳನ್ನು ಜೋಡಿಸಿ ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟನ್ನೇ ಕೊಡುತ್ತಿದ್ದರು, ಅದು ಇದ್ದದ್ದು ಇದಕ್ಕೇ.

ಅಭ್ಯಾಸಕ್ಕೆ ಮೂರು ಹಂತ ಸಾಕು. ಮೊದಲು 1ನೇ ವೇವ್‌ನಲ್ಲಿ ಬಲಗೈ ತೆಗೆದಿಡಿ. 20 ಸೆಕೆಂಡ್ ಬರೀ ನಡೆದು ಬದುಕಿ. ಅಲ್ಲಿ ಐದೇ ಎಲೆಕ್ಟ್ರೋಡ್ ಇವೆ, ಗ್ರಂಟ್‌ಗಳನ್ನು ಅವಕ್ಕೆ ತಾಗಿಸಲು ನೋಡಿ. ಆಮೇಲೆ ಗೋಡೆಗುಂಟ ಒಂದೇ ದಿಕ್ಕಿಗೆ ಸುತ್ತುತ್ತ ಗುಂಡನ್ನು ಸದಾ ಸ್ಕ್ರೀನಿನ ನಡುವಿನತ್ತ ಹೊಡೆಯಿರಿ. ಗೋಡೆ ಬದಲಾದಂತೆ ಬಲಗೈ ತಿರುಗಬೇಕು. ಒಂದು ದಿಕ್ಕು ರೂಢಿಯಾದ ಮೇಲೆ ಉಲ್ಟಾ ಸುತ್ತಿ. ಬಹುತೇಕರಿಗೆ ಒಂದು ದಿಕ್ಕು ಸಲೀಸು, ಇನ್ನೊಂದು ಒರಟು. ಸಾಯುವುದು ಒರಟು ದಿಕ್ಕಿನಲ್ಲೇ. ಮೂರನೆಯದು ಕಣ್ಣಿನ ಅಭ್ಯಾಸ. ನಿಮ್ಮ ಆಳನ್ನೇ ದಿಟ್ಟಿಸಬೇಡಿ, ಅವನಿಗಿಂತ ಎರಡು ಮೂರು ಅಂಗುಲ ಮುಂದೆ, ಹೋಗುವ ಜಾಗದ ಮೇಲೆ ಕಣ್ಣಿಡಿ. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮನೆ ಆಡಬೇಡಿ. ಭುಜ ಬಿಗಿಯಾದ ಮೇಲೆ ಎರಡೂ ಕೈ ಮತ್ತೆ ಒಂದೇ ದಿಕ್ಕಿಗೆ ಎಳೆಯತೊಡಗುತ್ತವೆ.

ಪ್ರಶ್ನೋತ್ತರದಿಂದ

ಕೀಬೋರ್ಡ್‌ನಲ್ಲಿ ಆಡಬಹುದೇ ಎಂದು ಕೇಳಿದರು. ಆಡಬಹುದು. ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಎಂಬ ಎಮ್ಯುಲೇಟರಿನಲ್ಲಿ ನಡೆಯಲು ಇ, ಎಸ್, ಡಿ, ಎಫ್, ಹೊಡೆಯಲು ಐ, ಜೆ, ಕೆ, ಎಲ್ ಕೀಲಿಗಳು ಮೊದಲೇ ನಿಗದಿಯಾಗಿರುತ್ತವೆ. ತೊಂದರೆ ಎಂದರೆ ಕರ್ಣಕ್ಕೆ ನಡೆಯುತ್ತ ಕರ್ಣಕ್ಕೆ ಹೊಡೆಯಲು ನಾಲ್ಕು ಕೀಲಿ ಒಟ್ಟಿಗೆ ಒತ್ತಬೇಕು. ಅಗ್ಗದ ಕೀಬೋರ್ಡ್‌ಗಳಲ್ಲಿ ಕೀಲಿಗಳ ತಂತಿಗಳು ಅಡ್ಡ ಸಾಲು, ಉದ್ದ ಸಾಲಾಗಿ ಹೆಣೆದಿರುತ್ತವೆ. ಕೆಲವು ಕೂಟಗಳಲ್ಲಿ ಮೂರನೆಯದೋ ನಾಲ್ಕನೆಯದೋ ಒತ್ತಿದ್ದು ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ. ಆಡುವ ಮುಂಚೆ ನೋಟ್‌ಪ್ಯಾಡ್ ತೆರೆದು ಇ, ಎಸ್, ಐ, ಜೆ ನಾಲ್ಕನ್ನೂ ಒಮ್ಮೆಲೇ ಒತ್ತಿ ನೋಡಿ, ನಾಲ್ಕೂ ಅಕ್ಷರ ಬೀಳಬೇಕು. ಉಳಿದ ಮೂರು ಮೂಲೆಗಳಿಗೂ ಹೀಗೇ ಪರೀಕ್ಷಿಸಿ. ಬೀಳದಿದ್ದರೆ ಬೇರೆ ಕೀಲಿಗಳಿಗೆ ಬದಲಿಸಿ ನೋಡಿ.

ಆಟಕ್ಕೆ ಕೊನೆ ಇದೆಯೇ ಎಂಬುದು ಇನ್ನೊಂದು ಪ್ರಶ್ನೆ. ಇಲ್ಲ. 40 ವೇವ್‌ಗಳ ಪಟ್ಟಿ ಇದೆ. ಅದು ಮುಗಿದರೆ ಮತ್ತೆ 21ರಿಂದ 40ರವರೆಗಿನವು ಸುತ್ತುತ್ತವೆ, ಜೀವಗಳು ಮುಗಿಯುವ ತನಕ.